ಶೇಖಪ್ಪನ ಮಣ್ಣಿಗೆ ಬಂದ ಕುದುರೆ

ನಮ್ಮ ಕಾಕಾ ಅಡಿವೆಯ್ಯ ಫೌಜಿನ ಕುದುರೆ ಕಾವಲು ದಳದಲ್ಲಿ ಸವಾರರಾಗಿದ್ದರು. ದಳದ ಹಿರಿಯರು ತೀರಿಕೊಂಡರೆ ಶವದ ಹಿಂದೆ ಖಾಲಿ ಜೀನಿನ ಕುದುರೆ ನಡೆಸುವುದು ಅಲ್ಲಿನ ಪದ್ಧತಿ. ಆ ಮರ್ಯಾದೆಗೆ ಯಾವಾಗಲೂ ಕಾಕಾನ ಕುದುರೆ ಮೋತಿಯೇ. ನಿವೃತ್ತರಾದಾಗ ಮೋತಿಯನ್ನು ದಳದಲ್ಲೇ ಇದ್ದ ಗೆಳೆಯ ಶೇಖಪ್ಪನಿಗೆ ಒಪ್ಪಿಸಿ ಹಳಿಯಾಳಕ್ಕೆ ಬಂದರು. ಫೋನ್ ಮಾಡಿದಾಗಲೆಲ್ಲ ಶೇಖಪ್ಪ, "ಮೋತಿ ಆರಾಮ ಐತಿ," ಎನ್ನುತ್ತಿದ್ದ.

ಮೊನ್ನೆ ಸನವಳ್ಳಿಯಲ್ಲಿ ಶೇಖಪ್ಪನ ಮಣ್ಣು. ಹಾಡುಹಗಲು. ಕಾಕಾ, ನಾನು ಶವದ ಹಿಂದೆ ನಡೆಯುತ್ತಿದ್ದಾಗ ಬೆನ್ನಿಗೇ ಲಾಳದ ಸಪ್ಪಳ, ಕುದುರೆ ಬೆವರಿನ ವಾಸನೆ. ತಿರುಗಿದರೆ ಬರೀ ದಾರಿ. ನನಗೂ ಕೇಳಿಸಿತು.

ಕಾಕಾ ಶೇಖಪ್ಪನ ಮಗ ಮಲ್ಲೇಶನನ್ನು ಕೇಳಿದರು: "ಮೋತಿ ಈಗ ಎಲ್ಲೈತಿ?"

"ನೀವು ಊರಿಗೆ ಬಂದ ವಾರದಾಗ ಗುಂಡು ಹಾಕಿದ್ರಂತರಿ. ಹಾಕ್ರಿ ಅಂದವ್ರು ನಮ್ಮಪ್ಪನೇ."

ಕಾಕಾ ಮಣ್ಣು ಹಾಕಲೂ ನಿಲ್ಲದೆ ನನ್ನ ಕೈಹಿಡಿದು ತಿರುಗಿ ನಡೆದರು. ಸಪ್ಪಳ ನಮ್ಮ ಜೊತೆ ಬರಲಿಲ್ಲ. ಅದೇ ಹೆಜ್ಜೆಯಲ್ಲಿ ಶೇಖಪ್ಪನ ಹಿಂದೆಯೇ ಹೋಯಿತು.