ಮಾದೇವಿ ಅತ್ತೆಯ ಕಂಪ್ಯೂಟರಿಗೆ ಎಷ್ಟು ವ್ಯಾಟ್?

"ಮೂಸಿ ನೋಡ್ರಿ, ಸುಟ್ಟ ವಾಸನಿ," ಎಂದು ರಿಪೇರಿ ಅಂಗಡಿಯ ರೇಷ್ಮಾ ಕಂಪ್ಯೂಟರಿನಿಂದ ಬಿಚ್ಚಿದ ತಗಡಿನ ಡಬ್ಬಿಯನ್ನು ಮುಂದೆ ಹಿಡಿದಳು. "ಪವರ್ ಸಪ್ಲೈ ಹೋಗೈತ್ರಿ. ಕರೆಂಟು ಮೊದಲು ಇದಕ್ಕ ಬರತೈತಿ. ಇದು ಒಳಗಿನವಕ್ಕೆಲ್ಲಾ ಹಂಚತೈತಿ."

ಮಾದೇವಿ ಅತ್ತೆ ಮೂಸಿ ನೋಡಿದಳು. ಅವಳ ಅಣ್ಣನ ಮಗಳು ಅಕ್ಷತಾ ಹತ್ತಿರ ಹೋಗಲಿಲ್ಲ.

ಸಾವಳಗಿ ಬಸ್‌ಸ್ಟ್ಯಾಂಡಿನ ಎದುರು ಅತ್ತೆಯದು ಒಂದೇ ಖೋಲಿಯ ಅಂಗಡಿ. ಅರ್ಜಿ ಟೈಪ್ ಮಾಡುತ್ತಾಳೆ, ಲಗ್ನಪತ್ರಿಕೆ ಪ್ರಿಂಟ್ ಹಾಕುತ್ತಾಳೆ. ಬೆಳಿಗ್ಗೆ ಬಟನ್ ಒತ್ತಿದ್ದೇ ತಡ, 'ಢಬ್' ಅಂತ ಸದ್ದಾಗಿ ಎಲ್ಲ ಬಂದ್ ಆಗಿತ್ತು. ಹುಲೆಪ್ಪನವರ ಮನೆಯ ಪತ್ರಿಕೆಗಳನ್ನು ನಾಳೆಯೇ ಕೊಡಬೇಕು. ಇಬ್ಬರೂ ಕಂಪ್ಯೂಟರನ್ನು ಹಳೆಯ ಕೌದಿಯಲ್ಲಿ ಸುತ್ತಿಕೊಂಡು ಜಮಖಂಡಿಗೆ ಓಡಿ ಬಂದಿದ್ದರು.

"ತಪ್ಪು ನಂದ ಐತಿ," ಅತ್ತೆ ಹೇಳಿದಳು. "ಹೋದ ವಾರ ಡಿವಿಡಿ ಡ್ರೈವ್ ಹಾಕಿಸಿದೆ. ಪಾಪ, ಅದಕ್ಕ ಭಾರ ಆಗಿರಬೇಕು. ಆ ದೊಡ್ಡದು ಕೊಡ್ರಿ, ಆರನೂರು ವ್ಯಾಟಿಂದು."

ರೇಷ್ಮಾ ರಟ್ಟಿನ ಮೇಲೆ ಬರೆಯುತ್ತ ಕೂಡಿಸಿದಳು. "ಪ್ರೊಸೆಸರ್ ಅರವತ್ತೈದು, ಬೋರ್ಡು ಮೂವತ್ತು, ಡಿಸ್ಕ್ ಹತ್ತು, ಡಿವಿಡಿ ಇಪ್ಪತ್ತು, ಫ್ಯಾನ್ ಐದು. ಎಲ್ಲಾ ಸೇರಿ ನೂರಾ ಮೂವತ್ತು. ಮುನ್ನೂರರದು ಧಾರಾಳ ಸಾಕ್ರಿ. ನಿಮ್ಮ ಹಳೇದೂ ಮುನ್ನೂರರದ. ಮತ್ತ ಯಾಕ ಸುಟ್ಟಿತು ಅನ್ನೋದು ತಿಳಿವಲ್ದು. ಎರಡು ದಿನ ಬಿಟ್ಟು ಹೋಗ್ರಿ, ಬೋರ್ಡ್ ನೋಡ್ತೀನಿ."

"ಅಷ್ಟು ದಿನ ಇಲ್ರಿ. ದೊಡ್ಡದ ಹಾಕಿಬಿಡ್ರಿ. ನನ್ನ ಕೈಲೆ ಮತ್ತ ಸುಡೋದು ಬ್ಯಾಡ."

ಅತ್ತೆಯ ದನಿ ಸಣ್ಣದಾಗಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಅಕ್ಷತಾ ಮುಂದೆ ಬಂದಳು. "ಅತ್ತಿ, ಡಿವಿಡಿಯಿಂದ ಅಲ್ಲ. ನಾ ಮಾಡೇನಿ."

ಇಬ್ಬರೂ ತಿರುಗಿ ನೋಡಿದರು.

"ನಿನ್ನೆ ಕಸಾ ಹೊಡಿವಾಗ ಹಿಂದ ಒಂದು ಕೆಂಪು ಸ್ವಿಚ್ ಕಂಡಿತು. ಈ ಕಡಿಗಿ ಸರಿಸಿದೆ. ಆಗ ಕರೆಂಟು ಬಂದ್ ಇತ್ತು, ಏನೂ ಆಗಲಿಲ್ಲ, ಹಂಗ ಬಿಟ್ಟೆ. ಇವತ್ತ ಢಬ್ ಅಂದ ಮ್ಯಾಲೆ ಮೊದಲಿನಂಗ ಮಾಡಿ ಇಟ್ಟೆ."

ರೇಷ್ಮಾ ಡಬ್ಬಿ ತಿರುವಿದಳು. "ನೂರಾ ಹದಿನೈದು ಅಂತ ಕಂಡಿತ್ತೇನು?"

ಅಕ್ಷತಾ ಹೌದೆಂದು ತಲೆಯಾಡಿಸಿದಳು.

"ಅದು ಬ್ಯಾರೆ ದೇಶದ ಕರೆಂಟಿಗೆ ಇರೋದವಾ. ನಮ್ಮದು ಎರಡುನೂರಾ ಮೂವತ್ತು ವೋಲ್ಟ್. ಹಂಗ ಸರಿಸಿದ್ರ ಆರನೂರರದೂ ಸುಡತಿತ್ತು. ಛಲೋ ಆತು ಹೇಳಿದ್ದು."

ರೇಷ್ಮಾ ಪರೀಕ್ಷೆಗೆಂದು ಇಟ್ಟುಕೊಂಡಿದ್ದ ತನ್ನ ಸಪ್ಲೈಯನ್ನು ಜೋಡಿಸಿ ಬಟನ್ ಒತ್ತಿದಳು. ಫ್ಯಾನ್ ತಿರುಗಿತು. ಬೋರ್ಡ್ ಕೆಟ್ಟಿರಲಿಲ್ಲ, ಡಿಸ್ಕೂ ಕೆಟ್ಟಿರಲಿಲ್ಲ. ಪರದೆಯ ಮೇಲೆ ಹುಲೆಪ್ಪನವರ ಲಗ್ನಪತ್ರಿಕೆ ಹಾಗೆಯೇ ಇತ್ತು.

ಆಮೇಲೆ ಅವಳು ಎರಡು ಸಪ್ಲೈ ತಂದಿಟ್ಟಳು. ಎರಡೂ ಮುನ್ನೂರರವು.

"ಕಂಪ್ಯೂಟರಿಗೆ ನೂರು ವ್ಯಾಟ್ ಕೊಡಾಕ ಇದು ನೂರಾ ಐವತ್ತು ಎಳಿತೈತಿ, ಇದು ನೂರಾ ಇಪ್ಪತ್ತು. ಮಿಕ್ಕಿದ್ದು ಬಿಸಿ ಆಗಿ ಹೋಗತೈತಿ. ಕರೆಂಟು ಹೋದಾಗ ನೀವು ಬ್ಯಾಟರಿ ಮ್ಯಾಲೆ ನಡಸ್ತೀರಿ, ಹೌದಲ್ಲ? ಯಾವುದು ತಗೋತಿ, ಅಕ್ಷತಾ?"

"ಇದು. ನೂರಾ ಇಪ್ಪತ್ತರದು. ಬ್ಯಾಟರಿ ಭಾಳ ಹೊತ್ತು ಬರತೈತಿ."

"ಇದಕ್ಕ ಆ ಕೆಂಪು ಸ್ವಿಚ್ಚೂ ಇಲ್ಲ," ರೇಷ್ಮಾ ನಕ್ಕಳು.

ಅತ್ತೆ ಅದನ್ನೇ ಹಾಕಿಸಿ, ಕಂಪ್ಯೂಟರನ್ನು ಮತ್ತೆ ಕೌದಿಯಲ್ಲಿ ಸುತ್ತಿದಳು. ಬಸ್ಸು ಜಮಖಂಡಿ ದಾಟುವವರೆಗೂ ಅಕ್ಷತಾ ಬೈಗುಳಕ್ಕಾಗಿ ಕಾದಳು. ಕೊನೆಗೆ ಅತ್ತೆ ಅವಳ ಜಡೆಯ ರಿಬ್ಬನ್ ಸರಿ ಮಾಡುತ್ತ ಕೇಳಿದಳು: "ಬೆಳಿಗ್ಗಿಂದ ಒಬ್ಬಾಕೀನ ಇದನ್ನ ಹೊತ್ಕೊಂಡು ಕುಂತಿದ್ಯಾ?"

ಅಕ್ಷತಾ ಹೂಂ ಅಂದಳು. ಅತ್ತೆಯೂ ಹಾಗೇ ಕೂತಿದ್ದಳಲ್ಲ, ಮಾಡದ ತಪ್ಪನ್ನು ಹೊತ್ತುಕೊಂಡು. ಬೆಳಿಗ್ಗೆಯ ರೊಟ್ಟಿಯನ್ನೂ ಮುಟ್ಟಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆಯ ತಲೆ ವಾಲಿ ಅವಳ ಹೆಗಲಿಗೆ ಬಂದು ನಿಂತಿತು. ಕಬ್ಬಿನ ಟ್ರ್ಯಾಕ್ಟರ್ ಎದುರು ಬಂದು ಬಸ್ಸು ಜಗ್ಗಿದಾಗಲೂ ಅತ್ತೆ ಏಳಲಿಲ್ಲ. ಹೆಗಲು ಜೋಮು ಹಿಡಿಯುತ್ತಿತ್ತು. ಸಾವಳಗಿ ಬರುವವರೆಗೂ ಅಕ್ಷತಾ ಅಲುಗಾಡದೆ ಕೂತಳು.