ಬೆನ್ನಿಗೆ ಗೊತ್ತಿದ್ದ ಚಿತ್ರ

ಗಡಿಯಾರದ ಮುಳ್ಳು ಇನ್ನೂ ಹುಟ್ಟಿರದ ಕಾಲದಲ್ಲಿ ಸಿಂಗಾರಪುರಿ ಎಂಬ ಒಂದು ರಾಜ್ಯವಿತ್ತು. ಅದರ ರಾಜಧಾನಿಯಿಂದ ಒಂಬತ್ತು ದಿನ ನಡೆದರೆ ಮಣಿಗಟ್ಟೆ ಎಂಬ ಸೀಮೆ ಸಿಗುತ್ತಿತ್ತು. ನಲವತ್ತು ಹಳ್ಳಿಗಳ ಸೀಮೆ. ರಾಜಧಾನಿಯವರಿಗೆ ಅದರ ಹೆಸರು ನೆನಪಾಗುತ್ತಿದ್ದುದು ದಂಡಿಗೆ ಆಳು ಬೇಕಾದಾಗ ಮಾತ್ರ.

ಆ ಸೀಮೆಯ ನಟ್ಟನಡುವೆ ಒಂದು ಚಿತ್ರಶಾಲೆ. ನಲವತ್ತು ಹಳ್ಳಿಯವರೂ ಕಲ್ಲು ಹೊತ್ತು ಕಟ್ಟಿದ್ದು. ಒಳಗೆ ಹಳ್ಳಿಗೊಂದರಂತೆ ನಲವತ್ತು ಚಿತ್ರ, ಎಲ್ಲವೂ ಜೀವ ಇದ್ದ ಚಿತ್ರಗಳು. ಕೆರೆಯ ಚಿತ್ರಕ್ಕೆ ಕೈಯಿಟ್ಟರೆ ಕೈ ಒದ್ದೆಯಾಗುತ್ತಿತ್ತು. ಹಲಸಿನ ಮರದ ಚಿತ್ರದ ಮುಂದೆ ಕೂತರೆ ನೆರಳು ಬೀಳುತ್ತಿತ್ತು. ಸೂಲಗಿತ್ತಿ ಹೊನ್ನಜ್ಜಿಯ ಚಿತ್ರ ಮಾತಾಡುತ್ತಿತ್ತು. ಅಜ್ಜಿ ಸತ್ತು ನೂರು ವರ್ಷವಾಗಿದ್ದರೂ ಬಾಯಿ ನಿಂತಿರಲಿಲ್ಲ.

ಶಾಲೆಗೆ ಬಾಗಿಲಿತ್ತು, ಬೀಗವಿರಲಿಲ್ಲ. ಇದ್ದದ್ದು ಎರಡೇ ಕಟ್ಟಳೆ. ಚಿತ್ರ ನೋಡಿದವರು ಅದರ ಕೆಳ ಅಂಚಿಗೆ ಹೆಬ್ಬೆಟ್ಟು ಒತ್ತಬೇಕು. ಕುಂಬಾರನ ಮಣ್ಣಿನ ಬೆರಳು, ಗಾಣಿಗಿತ್ತಿಯ ಎಣ್ಣೆ ಬೆರಳು, ಮಕ್ಕಳ ಬೆಲ್ಲದ ಬೆರಳು ಎಲ್ಲ ಸೇರಿ ಅಂಚುಗಳು ಕರ್ರಗೆ ಮಿರಿಮಿರಿ ಮಿಂಚುತ್ತಿದ್ದವು. ಇನ್ನೊಂದು, ಶಾಲೆಗೆ ಬರಲಾಗದವರ ಮನೆಗೆ ಚಿತ್ರವೇ ಹೋಗಬೇಕು. ಎರಡು ಊರಿನವರು ನೀರಿಗಾಗಿ ಕಚ್ಚಾಡಿದರೆ ಕೆರೆಯ ಚಿತ್ರವನ್ನು ನಡುವೆ ನಿಲ್ಲಿಸಿ, ಇಬ್ಬರ ತಲೆಯೂ ತಣ್ಣಗಾಗುವ ತನಕ ನೋಡಿಸುತ್ತಿದ್ದರು. ಹೆರಿಗೆಯ ಮನೆಗೆ ಹೊನ್ನಜ್ಜಿ ಹೋಗುತ್ತಿದ್ದಳು.

ಹೀಗೆ ಚಿತ್ರ ಹೊರುವವಳು ಮಲ್ಲಾಜಿ. ಅವಳ ಅಮ್ಮ ಹೊತ್ತಿದ್ದಳು, ಅಮ್ಮನ ಅಮ್ಮ ಹೊತ್ತಿದ್ದಳು. ಚಿತ್ರವನ್ನು ಹಗ್ಗ ಹಾಕಿ ಬೆನ್ನಿಗೆ ಬಿಗಿದುಕೊಂಡು ಹಳ್ಳಿ ಹಳ್ಳಿ ತಿರುಗುವುದು, ಬಣ್ಣ ಬಿರಿದರೆ ಹುಣಸೆ ಬೀಜದ ಅಂಟು ಹಚ್ಚುವುದು, ಧೂಳು ಕೊಡವುವುದು ಅವಳ ಕೆಲಸ. ಕೆಲಸ ಅಚ್ಚುಕಟ್ಟು, ಕೋಪ ಮೂಗಿನ ತುದಿಯಲ್ಲಿ.

ಅವಳಿಗೆ ಒಬ್ಬಳೇ ಅಕ್ಕ, ಕಾಳಾಜಿ. ಹಿಂದಿನ ಎರಡು ಹೆರಿಗೆಯಲ್ಲೂ ಮಗು ಅಡ್ಡ ತಿರುಗಿತ್ತು. ಎರಡು ಸಲವೂ ಹೊನ್ನಜ್ಜಿ ಚಿತ್ರದೊಳಗಿಂದ ಹೇಳಿಕೊಟ್ಟಂತೆ ಮಾಡಿದ್ದರಿಂದ ತಾಯಿ ಮಗು ಉಳಿದಿದ್ದರು. ಈಗ ಮೂರನೆಯದು. ದಿನ ತುಂಬಲು ಇನ್ನು ಇಪ್ಪತ್ಮೂರು ದಿನವಿತ್ತು.

ಆಗ ಸುದ್ದಿ ಬಂತು: ಅರಮನೆಯ ಕಲಾರಕ್ಷಕ ನಯಭದ್ರರು ಶಾಲೆ ನೋಡಲು ಬರುತ್ತಾರೆ. ಮಣಿಗಟ್ಟೆಯವರಿಗೆ ಕೈಕಾಲು ಆಡಲಿಲ್ಲ. ಮನೆಗೆ ನೆಂಟರು ಬಂದರೂ ಗೋಡೆಗೆ ಸುಣ್ಣ ಬಳಿಯುವ ಜನ ಅವರು.

“ಅಂಚೆಲ್ಲಾ ಮಸಿ ಹಿಡಿದದೆ ಕಣವ್ವ,” ಎಂದರು ಸೀಮೆಯ ಯಜಮಾನ ಬೊಮ್ಮೇಗೌಡರು. “ಅರಮನೆಯೋರು ನಮ್ಮನ್ನ ಏನಂದ್ಕತಾರೆ? ಒಸಿ ತೊಳೆದುಬುಡು.”

“ಅಂಚು ತೊಳೆಯೋ ಪದ್ಧತಿ ಇಲ್ವಲ್ಲ ಗೌಡ್ರೇ.”

“ಈ ಒಂದು ಸಲಕ್ಕೆ ಕಣವ್ವ. ಸೀಮೆ ಮರ್ಯಾದೆ ಪ್ರಶ್ನೆ.”

ಮಲ್ಲಾಜಿ ಗೊಣಗಿದಳು, ಆದರೂ ತೊಳೆದಳು. ಅಂಟುವಾಳದ ನೊರೆ ಹಚ್ಚಿ ಮೂರು ದಿನ ಉಜ್ಜಿದಳು. ನೂರಾರು ವರ್ಷದ ಹೆಬ್ಬೆಟ್ಟುಗಳು ಕಪ್ಪು ನೀರಾಗಿ ಚರಂಡಿಗೆ ಹರಿದುಹೋದವು.

ಆ ಹೆಬ್ಬೆಟ್ಟುಗಳೇ, ಕದಿಯಲು ಬಂದವರ ಕೈಗೆ ಬಾರದಂತೆ ಚಿತ್ರಗಳನ್ನು ಗೋಡೆಗೆ ಹಿಡಿದಿಟ್ಟಿದ್ದ ಮಂತ್ರ ಎಂಬುದು ಮಣಿಗಟ್ಟೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಯಭದ್ರನಿಗೆ ಗೊತ್ತಿತ್ತು. ಅವನು ಮುನ್ನೂರು ವರ್ಷದ ಮಾಂತ್ರಿಕ, ಚಿತ್ರಗಳ ಬಣ್ಣ ಕುಡಿದು ಬದುಕುವವನು. ಹಿಂದೆ ಏಳು ಸಲ ಕಳ್ಳರನ್ನು ಕಳಿಸಿದ್ದ. ಅವರಿಗೆ ಒಂದು ಚಿತ್ರವನ್ನೂ ಅಲುಗಿಸಲು ಆಗಿರಲಿಲ್ಲ. ಈ ಸಲ ಬರುತ್ತೇನೆ ಎಂದು ಹೇಳಿ ಕಳಿಸಿದ್ದಷ್ಟೇ. ಉಳಿದದ್ದನ್ನು ಇವರ ಸಂಕೋಚವೇ ಮಾಡಿ ಮುಗಿಸಿತ್ತು.

ತೊಳೆದು ಮುಗಿದ ದಿನವೇ ನಯಭದ್ರ ಬಂದ. ಎಳೆಮಗುವಿನಂಥ ಮುಖ, ಎರಡೂ ಕೈಗೆ ರೇಷ್ಮೆಯ ಗವಸು, ಜೇನು ಸುರಿಯುವ ದನಿ. ಅವನು ಹೊನ್ನಜ್ಜಿಯ ಚಿತ್ರ ಹಿಡಿದೆತ್ತಿದ. ಅದು ಗೋಡೆ ಬಿಟ್ಟು ಸಲೀಸಾಗಿ ಬಂತು. ಅವನು ರಾಜನ ಮುದ್ರೆಯಿದ್ದ ಓಲೆ ಓದಿದ: “ಇಂಥ ಅಮೂಲ್ಯ ಕೃತಿಗಳು ಇಂಥ ಕೈಗಳಲ್ಲಿ ಇರತಕ್ಕದ್ದಲ್ಲ. ಕಾಪಾಡುವ ಸಲುವಾಗಿ ರಾಜಧಾನಿಗೆ ಒಯ್ಯುತ್ತಿದ್ದೇವೆ. ನೋಡಬೇಕೆಂದವರು ಅಲ್ಲಿಗೇ ಬರಬಹುದು.”

ಬರಬಹುದಂತೆ. ಒಂಬತ್ತು ದಿನದ ದಾರಿ. ಕರೆಯುವ ಎಮ್ಮೆಯನ್ನು, ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಯಾರು ಹೋಗುತ್ತಾರೆ? ಬೇನೆ ತಿನ್ನುವ ಬಸುರಿ ಎದ್ದು ನಡೆದು ಹೋಗಬೇಕೇ?

“ಎಲ್ಲಾ ತಗೊಂಡೋಗಿ, ಹೊನ್ನಜ್ಜಿನೊಂದ ಬಿಟ್ಟೋಗಿ ಬುದ್ಧಿ,” ಎಂದಳು ಮಲ್ಲಾಜಿ. “ನಮ್ಮಕ್ಕಂಗೆ ಇಪ್ಪತ್ತು ದಿನದಾಗೆ ಹೆರಿಗೆ ಅದೆ.”

“ಹೆರಿಗೆಗೆ ವೈದ್ಯರಿದ್ದಾರೆ ತಾಯಿ. ಇದು ಕಲೆ,” ಎಂದ ನಯಭದ್ರ ಮುಗುಳ್ನಗುತ್ತಾ. ಮಣಿಗಟ್ಟೆಯ ಸುತ್ತ ಒಂಬತ್ತು ದಿನದ ದಾರಿಯಲ್ಲಿ ಒಬ್ಬ ವೈದ್ಯನೂ ಇರಲಿಲ್ಲ.

ಬಂಡಿಗಳು ಹೋದವು. ಗೋಡೆಯ ಮೇಲೆ ನಲವತ್ತು ಬಿಳಿ ಚೌಕ ಉಳಿದವು. ಮಲ್ಲಾಜಿ ತನ್ನ ಕೈ ಮೂಸಿ ನೋಡಿಕೊಂಡಳು. ಇನ್ನೂ ಅಂಟುವಾಳದ ವಾಸನೆ. ಏಳು ಸಲ ಕಳ್ಳರಿಗೆ ಅಲುಗದ ಚಿತ್ರಗಳು ಅಂಚು ತೊಳೆದ ಮೇಲೇ ಹೋದವು ಎಂಬುದು ಅವಳಿಗೆ ಆಗ ಹೊಳೆಯಿತು. ಅವಳಿಗೆ ನಯಭದ್ರನ ಮೇಲೆ ಸಿಟ್ಟು ಬಂತು, ಗೌಡರ ಮೇಲೆ ಸಿಟ್ಟು ಬಂತು, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೇ ಬಂತು. ಬುತ್ತಿ ಕಟ್ಟಿಕೊಂಡು, ಧೂಳು ಕೊಡವುವ ಈಚಲ ನಾರಿನ ಕುಂಚವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

“ತಡ್ಕೊಂಡಿರು ಅಕ್ಕ,” ಎಂದಳು.

“ಇದೇನು ನನ್ನ ಕೈಲದ್ಯಾ ಮಲ್ಲಿ?” ಎಂದಳು ಕಾಳಾಜಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು.

ಒಂಬತ್ತು ದಿನ ನಡೆದು ಮಲ್ಲಾಜಿ ರಾಜಧಾನಿ ಸೇರಿದಳು. ನಯಭದ್ರನ ಕಲಾಮಂದಿರದ ಮುಂದೆ ಕಾವಲುಗಾರರು “ಅಪ್ಪಣೆ ಚೀಟಿ ತಾ” ಎಂದರು. ಚೀಟಿ ಕೊಡುವವನು ನಾಳೆ ಬಾ ಎಂದ. ಮರುದಿನವೂ ನಾಳೆ ಬಾ ಎಂದ. ಹೀಗೆ ಹತ್ತು ನಾಳೆಗಳು ಕಳೆದವು. ಆ ಹತ್ತು ದಿನ ಮುಂಜಾನೆ ಮುಂಜಾನೆ ನಯಭದ್ರ ಒಂದೊಂದು ಚಿತ್ರದ ಬಣ್ಣ ಕುಡಿದ. ಕೆರೆಯ ಚಿತ್ರ ಬೆಳ್ಳಗಾಯಿತು, ಹಲಸಿನ ಮರ ಬೆಳ್ಳಗಾಯಿತು. ಅಕ್ಕನ ಹೆರಿಗೆಗೆ ಒಂದೇ ದಿನ ಉಳಿಯಿತು. ಮಲ್ಲಾಜಿ ಚೀಟಿಯವನ ಮೇಜು ಬೋರಲು ಹಾಕಿ ನೇರ ಬಾಗಿಲಿಗೆ ನಡೆದಳು.

ಮೊದಲ ಬಾಗಿಲಲ್ಲಿ ಕಲ್ಲಿನ ಯಾಳಿ. ಸಿಂಹದ ಮೈ, ಆನೆಯ ಸೊಂಡಿಲು, ಬಾಯೊಳಗೆ ಉರುಳುವ ಕಲ್ಲುಗುಂಡು. ಅದಕ್ಕೆ ಹೆದರಿ ಕಾವಲುಗಾರರೂ ಹತ್ತಿರ ಸುಳಿಯುತ್ತಿರಲಿಲ್ಲ.

“ಧೂಳು ತಂದವರನ್ನು ನುಂಗುತ್ತೇನೆ,” ಎಂದಿತು ಯಾಳಿ.

“ಧೂಳಾ? ನಿನ್ನ ಕಿವಿ ನೋಡ್ಕೊಂಡಿದ್ದೀಯಾ?” ಎಂದಳು ಮಲ್ಲಾಜಿ. “ಕಣಜ ಗೂಡು ಕಟ್ಟ್ಯದೆ. ಗಂಟಲಾಗೆ ಕಸ ತುಂಬಿ ಗುಂಡು ಉರುಳಕ್ಕೂ ಜಾಗಿಲ್ಲ. ಯಾರೂ ಚೊಕ್ಕ ಮಾಡಲ್ವಾ ನಿನ್ನ?”

ಯಾಳಿ ತಲೆ ತಗ್ಗಿಸಿತು. “ಮುಟ್ಟಬಾರದೆಂದು ಆಜ್ಞೆ. ನೂರು ವರ್ಷದಿಂದ ಯಾರೂ ಮುಟ್ಟಿಲ್ಲ.”

“ಬಗ್ಗು.”

ಯಾಳಿ ಬಗ್ಗಿತು. ಮಲ್ಲಾಜಿ ಬೈಯುತ್ತಲೇ ಕುಂಚದಿಂದ ಅದರ ಕಿವಿ ಗುಡಿಸಿದಳು, ಹಲ್ಲಿನ ಸಂದು ಗುಡಿಸಿದಳು, ಗಂಟಲಿಗೆ ಕೈಹಾಕಿ ಕಸ ಬಾಚಿದಳು. ಕಲ್ಲುಗುಂಡು ಗಡಗಡನೆ ಉರುಳಿತು. ಯಾಳಿಯ ಕಣ್ಣಲ್ಲಿ ನೀರು ಬಂತು. ಅದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಎರಡನೆಯ ಬಾಗಿಲಾಚೆ ಮೌನದ ಹಜಾರ. ಅಲ್ಲಿ ಬಾಯಿ ಬಿಟ್ಟವರು ಗೋಡೆಯ ಚಿತ್ರವಾಗುತ್ತಿದ್ದರು. ಒಬ್ಬ ನೇಕಾರ, ಒಬ್ಬ ಬಡಗಿ, ಮೂವರು ಹೆಂಗಸರು, ತಮ್ಮೂರಿನ ಚಿತ್ರ ಕೇಳಲು ಬಂದವರೆಲ್ಲ ಬಾಯಿ ತೆರೆದಂತೆಯೇ ಗೋಡೆಯಲ್ಲಿದ್ದರು. ನಡುವೆ ಚಿನ್ನದ ಕೋಲಿನ ಮೇಲೆ ಕೆಣಕುವುದನ್ನೇ ಕಲಿತ ಒಂದು ಗಿಳಿ. ಮಾಟ ಅದಕ್ಕೆ ಮಾತ್ರ ತಟ್ಟುತ್ತಿರಲಿಲ್ಲ.

“ಮಣಿಗಟ್ಟೆಯವರಿಗೆ ಹಸು ಯಾವುದು, ಹಸುವಿನ ಚಿತ್ರ ಯಾವುದು ಗೊತ್ತಾಗುವುದಿಲ್ಲವಂತೆ. ಚಿತ್ರಕ್ಕೇ ಹುಲ್ಲು ಹಾಕುತ್ತಾರಂತೆ,” ಎಂದಿತು ಗಿಳಿ.

ಗೋಡೆಯ ಆ ತೆರೆದ ಬಾಯಿಗಳನ್ನು ನೋಡಿ ಅರ್ಥ ಮಾಡಿಕೊಂಡ ಮಲ್ಲಾಜಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನಡೆದಳು.

“ನಿಮ್ಮಮ್ಮ ಚಿತ್ರ ಹೊತ್ತು ಹೊತ್ತು ಗೂನಿಯಾಗಿ ಸತ್ತಳಂತೆ. ಕತ್ತೆಯಾದರೂ ಹುಲ್ಲಿಗಾಗಿ ಹೊರುತ್ತದೆ.”

ಅವಳ ಕಿವಿ ಬಿಸಿಯಾಯಿತು. ಸೆರಗು ಕಚ್ಚಿಕೊಂಡೇ ನಡೆದಳು.

ಬಾಗಿಲು ಇನ್ನು ನಾಲ್ಕು ಹೆಜ್ಜೆ ಇರುವಾಗ ಗಿಳಿ ಮೆಲ್ಲಗೆ ಕೇಳಿತು, “ಅಂಚು ತೊಳೆದವಳು ನೀನೇ ತಾನೆ?”

ಸುಳ್ಳನ್ನು ನುಂಗಿಕೊಂಡವಳಿಗೆ ಈ ನಿಜವನ್ನು ನುಂಗುವುದು ಕಷ್ಟವಾಯಿತು. ಬೊಮ್ಮೇಗೌಡರು ಹೇಳಿದರು, ನಾನಲ್ಲ, ಎಂಬ ಮಾತು ನಾಲಿಗೆಯ ತುದಿಗೆ ಬಂತು. ಉಜ್ಜಿದ ಕೈ ತನ್ನದೇ ಅಲ್ಲವೇ? ಅವಳ ಕಣ್ಣಿಂದ ನೀರು ಸುರಿಯಿತು, ಬಾಯಿಂದ ಒಂದು ಅಕ್ಷರವೂ ಬರಲಿಲ್ಲ. ಹೀಗೆ ಹಜಾರ ದಾಟಿದಳು.

ಮೂರನೆಯ ಬಾಗಿಲಾಚೆ, ಕಲಾಮಂದಿರಕ್ಕೆ ಹೊಂದಿಕೊಂಡಿದ್ದ ರಾಜಸಭೆ. ಸಿಂಹಾಸನದಲ್ಲಿ ರಾಜ ಪದ್ಮಸೇನ, ಪಕ್ಕದಲ್ಲಿ ನಯಭದ್ರ. ರಾಜ ಕೆಟ್ಟವನಲ್ಲ. ಓದದೆ ಮುದ್ರೆ ಒತ್ತುವವನು, ಅದರಿಂದ ಆಗುವ ಹಾನಿ ಕೆಟ್ಟವನು ಮಾಡುವುದಕ್ಕಿಂತ ಕಡಿಮೆಯೇನಲ್ಲ.

“ನಮ್ಮ ಚಿತ್ರ ತರಿಸಿದ್ರಲ್ಲ ಬುದ್ಧಿ, ನೋಡಿದ್ರಾ?” ಎಂದು ಕೇಳಿದಳು ಮಲ್ಲಾಜಿ.

“ಇನ್ನೂ ಇಲ್ಲ,” ಎಂದ ರಾಜ. “ಅವು ಭದ್ರವಾಗಿ ಬೀಗದೊಳಗಿವೆ.”

“ನೋಡೋ ಜನ ಅಲ್ಲಿ, ಚಿತ್ರ ಇಲ್ಲಿ. ಇದ್ಯಾವ ಭದ್ರ ಬುದ್ಧಿ? ಹೊನ್ನಜ್ಜಿನ ಕೊಡಿ, ನಾಳೆ ನಮ್ಮಕ್ಕನ ಹೆರಿಗೆ.”

ನಯಭದ್ರ ನಕ್ಕ. “ಚಿತ್ರ ಇವಳದೇ ಆದರೆ ಗುರುತು ಹಿಡಿಯಲಿ ಮಹಾಪ್ರಭು. ತಪ್ಪಿದರೆ ಗೋಡೆಯಲ್ಲಿ ನಿಲ್ಲಲಿ.” ಅವನು ಗವಸಿನ ಕೈ ಬೀಸಿದ. ಸಭೆಯ ತುಂಬ ನೂರು ಚಿತ್ರ, ನೂರು ಹೊನ್ನಜ್ಜಿಯರು ಬಂದು ನಿಂತರು. ಅದೇ ಸುಕ್ಕು, ಅದೇ ಮೂಗುಬೊಟ್ಟು, ಅದೇ ಸೊಟ್ಟ ನಗೆ. ಎಲ್ಲರ ಬಾಯಿಗೂ ಮಂತ್ರದ ಬೀಗ.

ಮಲ್ಲಾಜಿ ನೋಡಿದಳು, ಮತ್ತೆ ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅಂಚಿನ ಹೆಬ್ಬೆಟ್ಟುಗಳಿದ್ದಿದ್ದರೆ ಕುರುಡಿಯೂ ಹೇಳುತ್ತಿದ್ದಳು. ಅವನ್ನು ತಾನೇ ಚರಂಡಿಗೆ ಬಿಟ್ಟಾಗಿತ್ತು.

ಸಭೆಯ ಪಂಡಿತರು ಭೂತಗನ್ನಡಿ ಹಿಡಿದು ಗೆರೆ, ವರ್ಣ, ಭಾವ ಎಂದು ಪಿಸುಗುಟ್ಟುತ್ತಿದ್ದರು. ಮಲ್ಲಾಜಿಗೆ ರೇಗಿಹೋಯಿತು. ಇವರು ಯಾರಾದರೂ ಒಂದು ಚಿತ್ರವನ್ನು ಒಂದು ಹಗಲು ಹೊತ್ತಿದ್ದಾರೆಯೇ? ಅವಳು ಚಿತ್ರಗಳಿಗೆ ಬೆನ್ನು ತಿರುಗಿಸಿದಳು.

“ಸೋತಳು,” ಎಂದ ನಯಭದ್ರ.

“ಗುರುತು ಹಿಡೀತಾ ಇವ್ನಿ, ಸುಮ್ಕಿರಿ,” ಎಂದಳು ಮಲ್ಲಾಜಿ. ಮೊದಲನೆಯ ಚಿತ್ರವನ್ನು ಬೆನ್ನಿಗೇರಿಸಿಕೊಂಡಳು, ಅಲ್ಲ ಎಂದು ಇಳಿಸಿದಳು. ಎರಡನೆಯದನ್ನು ಏರಿಸಿಕೊಂಡಳು, ಇಳಿಸಿದಳು. ಹತ್ತಾಯಿತು, ನಲವತ್ತಾಯಿತು, ಅರವತ್ತಾಯಿತು. ಮೈ ಬೆವರಿತು. ಅರವತ್ತೇಳನೆಯದನ್ನು ಏರಿಸಿಕೊಂಡಾಗ ಅದರ ಬಲಗಡೆಯ ಕೆಳಮೂಲೆ ಸೊಂಟದ ಹಳೆಯ ಜಡ್ಡಿಗೆ ಬಂದು ಒತ್ತಿತು. ನಡುಹಲಗೆಯ ತಗ್ಗು ಬೆನ್ನುಮೂಳೆಗೆ ಸರಿಯಾಗಿ ಕೂತಿತು. ಅದು ಅಮ್ಮನ ಬೆನ್ನು ಸವೆಸಿದ ತಗ್ಗು, ಅಮ್ಮನ ಅಮ್ಮನ ಬೆನ್ನು ಸವೆಸಿದ ತಗ್ಗು.

“ಇದೇ,” ಎಂದಳು.

ಚಿತ್ರ ತಿರುಗಿಸಿ ನೋಡಿದರೆ ಹಿಂದಿನ ಹಲಗೆಯ ತುಂಬ ಮೂರು ತಲೆಮಾರಿನ ಬೆವರಿನ ಉಪ್ಪು. ನಯಭದ್ರ ನಕಲು ಮಾಡಿದ್ದು ಮುಂಭಾಗ ಮಾತ್ರ. ಚಿತ್ರಕ್ಕೆ ಹಿಂಭಾಗವಿದೆ, ಅದನ್ನು ಹೊರುವವರಿದ್ದಾರೆ ಎಂಬುದು ಮುನ್ನೂರು ವರ್ಷದಲ್ಲಿ ಅವನಿಗೆ ಹೊಳೆದಿರಲಿಲ್ಲ. ಉಳಿದ ತೊಂಬತ್ತೊಂಬತ್ತೂ ಹೊಗೆಯಾದವು, ಅಜ್ಜಿಯ ಬಾಯಿಬೀಗ ಕಳಚಿತು.

“ಇಷ್ಟು ತಡ ಮಾಡಾದೇನೇ ಮಲ್ಲಾಜಿ?” ಎಂದಳು ಹೊನ್ನಜ್ಜಿ. “ಈ ಮೂಳ ನನ್ನ ಪಕ್ಕದ ಹತ್ತು ಚಿತ್ರನ ಗಟಗಟ ಕುಡಿದವ್ನೆ. ನಾಳೆ ನನ್ನ ಸರದಿ ಇತ್ತು.”

ರಾಜ ನಯಭದ್ರನ ಕಡೆ ತಿರುಗಿದ. “ಇದು ನಿಜವೇ?”

“ಹಳ್ಳಿಯ ಚಿತ್ರ ಮಹಾಪ್ರಭು, ಬಾಯಿಗೆ ಬಂದಂತೆ ಮಾತಾಡುತ್ತದೆ.”

“ಹಂಗಾದ್ರೆ ನಮ್ಮ ಕಟ್ಟಳೆ ನಡೆಸಲಿ,” ಎಂದಳು ಮಲ್ಲಾಜಿ. “ನೋಡಿದೋರು ಹೆಬ್ಬೆಟ್ಟು ಒತ್ತಬೇಕು. ಇವ್ರು ನೋಡವ್ರೆ. ಗವಸು ಬಿಚ್ಚಿ ಒತ್ತಲಿ.”

ನಯಭದ್ರನ ಮುಖ ಮೊದಲ ಬಾರಿಗೆ ಬಿಳಿಚಿತು. ರಾಜ ಕೈಸನ್ನೆ ಮಾಡಿದ. ಇಬ್ಬರು ಭಟರು ಅವನ ಗವಸು ಕಿತ್ತು ಹೆಬ್ಬೆರಳನ್ನು ಅಂಚಿಗೆ ಒತ್ತಿದರು. ಬೆರಳು ಅಂಟಿಕೊಂಡಿತು. ಅವನೊಳಗಿನ ಬಣ್ಣವೆಲ್ಲ ಹರಿಯತೊಡಗಿತು. ಕೆರೆಯ ನೀಲಿ ಕೆರೆಗೆ ಹೋಯಿತು, ಹಲಸಿನ ಹಸುರು ಹಲಸಿಗೆ ಹೋಯಿತು, ಮುನ್ನೂರು ವರ್ಷ ಕದ್ದು ಕುಡಿದದ್ದೆಲ್ಲ ಎಲ್ಲಿಂದ ಬಂದಿತ್ತೋ ಅಲ್ಲಿಗೆ ಹೋಯಿತು. ಗೋಡೆಯಲ್ಲಿದ್ದ ನೇಕಾರ, ಬಡಗಿ, ಹೆಂಗಸರು ಕೆಳಗಿಳಿದು ಅರ್ಧಕ್ಕೆ ನಿಂತಿದ್ದ ಬೈಗುಳವನ್ನು ಪೂರ್ತಿ ಮಾಡಿದರು. ನಯಭದ್ರ ನಿಂತಿದ್ದ ಜಾಗದಲ್ಲಿ ಒಂದು ಗೆರೆಯೂ ಇಲ್ಲದ ಬಿಳಿ ಬಟ್ಟೆ ಬಿದ್ದಿತ್ತು.

“ತಪ್ಪಾಯಿತು ತಾಯಿ,” ಎಂದ ರಾಜ. “ಏನು ಬೇಕು ಕೇಳು.”

“ನಮ್ದು ನಮಗೆ ಕಳಿಸಿ. ಹೊನ್ನಜ್ಜಿನ ನಾನೇ ಹೊತ್ಕೊಂಡೋಗ್ತೀನಿ,” ಎಂದಳು ಮಲ್ಲಾಜಿ. ಹೋಗುವಾಗ ಆ ಬಿಳಿ ಬಟ್ಟೆಯನ್ನೂ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

ಹೊರಗೆ ಬಾಗಿಲಲ್ಲಿ ಯಾಳಿ ಬಗ್ಗಿ ನಿಂತಿತ್ತು. “ಹತ್ತು,” ಎಂದಿತು. ಒಂಬತ್ತು ದಿನದ ದಾರಿಯನ್ನು ಅದು ಒಂದೇ ರಾತ್ರಿಯಲ್ಲಿ ಓಡಿತು. ಕಾಳಾಜಿಯ ಮನೆಯ ಮುಂದೆ ಇಳಿದಾಗ ಒಳಗೆ ಚೀರಾಟ. ಮಗು ಮತ್ತೆ ಅಡ್ಡ ತಿರುಗಿತ್ತು. ಮಲ್ಲಾಜಿ ಚಿತ್ರವನ್ನು ಗೋಡೆಗೊರಗಿಸಿದಳು. “ಬಿಸಿನೀರು ತನ್ನಿ, ಎಣ್ಣೆ ತನ್ನಿ. ಗಂಡಸರೆಲ್ಲ ಆಚೆ ಹೋಗಿ,” ಎಂದು ಹೊನ್ನಜ್ಜಿ ಶುರು ಮಾಡಿದಳು. ಹೊತ್ತು ಮುಳುಗುವ ಮುಂಚೆ ಹೆಣ್ಣುಮಗು ಹುಟ್ಟಿತು. ತಾಯಿಯೂ ಉಳಿದಳು.

ಚಿತ್ರಗಳೆಲ್ಲ ಬಂಡಿಯಲ್ಲಿ ಮರಳಿದವು. ಅಂಚುಗಳು ಮಾತ್ರ ಬೋಳಾಗಿದ್ದವು, ನಯಭದ್ರನ ಬೆರಳೂ ಗುರುತು ಉಳಿಸಿರಲಿಲ್ಲ. ನಲವತ್ತು ಹಳ್ಳಿಯವರು ಸಾಲುಗಟ್ಟಿ ಬಂದು ಹೊಸದಾಗಿ ಹೆಬ್ಬೆಟ್ಟು ಒತ್ತಿದರು. ರಾಜನೂ ಬಂದ. ಬೊಮ್ಮೇಗೌಡರು ಅವನನ್ನು ಮುಂದಕ್ಕೆ ಕರೆಯಲು ಹೋದಾಗ ಮಲ್ಲಾಜಿ ಒಂದು ಸಲ ನೋಡಿದಳು. ಗೌಡರು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ರಾಜ ಗಾಣಿಗಿತ್ತಿಯ ಹಿಂದೆ ನಿಂತು, ತನ್ನ ಸರದಿ ಬಂದಾಗ ಬಾಗಿಲಲ್ಲಿದ್ದ ಬಿಳಿ ಬಟ್ಟೆಗೆ ಕಾಲೊರೆಸಿಕೊಂಡು ಒಳಗೆ ಹೋದ. ಆ ಬಟ್ಟೆ ಈಗ ಅಷ್ಟು ಬೆಳ್ಳಗಿರಲಿಲ್ಲ.

ಆಮೇಲೆ ಮಣಿಗಟ್ಟೆಯವರು ಹಾಲು ಅನ್ನ ಉಂಡು ನೂರು ಕಾಲ ನೆಮ್ಮದಿಯಾಗಿದ್ದರು. ಯಾಳಿ ಶಾಲೆಯ ಅಂಗಳದಲ್ಲೇ ಉಳಿಯಿತು. ಮಕ್ಕಳು ಅದರ ಬಾಯಿಯ ಗುಂಡು ಉರುಳಿಸಿ ಆಡಿದರು. ಹೊನ್ನಜ್ಜಿಯ ಅಂಚಿನಲ್ಲಿ ಎಲ್ಲಕ್ಕಿಂತ ಮೊದಲು ಒತ್ತಿದ್ದು ಕಾಳಾಜಿಯ ಮಗಳ ಹೆಬ್ಬೆಟ್ಟು, ಜೋಳದ ಕಾಳಿನಷ್ಟು ಗುರುತು. ಒತ್ತಿಸಿದವಳು ಮಲ್ಲಾಜಿ. ಅರಮನೆಯಿಂದ ಯಾರೇ ಬರುತ್ತಾರೆಂದರೂ ಅವಳು ಅದನ್ನು ಒರೆಸಲು ಮತ್ತೆ ಯಾರಿಗೂ ಬಿಡಲಿಲ್ಲ.