ನಾಲ್ಕು ಹಿಡಿ ತೌಡಿನ ಮಗಳು

“ತೌಡವ್ವ ಅಂತ! ಇದೇನು ಮನುಷ್ಯಾರಿಗೆ ಇಡೋ ಹೆಸರಾ? ನನ್ನ ಮೊಮ್ಮಗನ ಜನನ ದಾಖಲೆದಾಗ ತಾಯಿ ಹೆಸರು ಅಂತ ಇದನ್ನ ಬರಸಬೇಕೇನು?”

ಇಂಗಳೇಶ್ವರದ ಸೊಸೆಯ ತವರಿನ ಆ ಸಣ್ಣ ಮನೆಯಲ್ಲಿ ತೊಟ್ಟಿಲ ಕಾರ್ಯಕ್ಕೆ ಸೇರಿದ್ದ ಹೆಂಗಸರೆಲ್ಲ ಕೇಳುವಂತೆ ಗುಂಡವ್ವ ಕೂಗಿದಳು. ಮದುವೆಯ ಕಾರ್ಡಿನಲ್ಲೇ ಸೊಸೆಯ ಹೆಸರನ್ನು ದಾನೇಶ್ವರಿ ಎಂದು ಅಚ್ಚು ಹಾಕಿಸಿದ್ದ ಅತ್ತೆ ಆಕೆ. ಈಗ ಹೆಸರು ಬದಲಿಸುವ ಅಫಿಡವಿಟ್ಟನ್ನೂ ಸಿಂದಗಿಯಿಂದಲೇ ಬರೆಸಿ ತಂದಿದ್ದಳು. ಮಗ ಕಾಂತು ಅದನ್ನು ಹಿಡಿದು ತಲೆತಗ್ಗಿಸಿ ನಿಂತಿದ್ದ.

“ತೌಡಿಗೆ ಮಾರಿದ ಹುಡುಗಿನ್ನ ನಮ್ಮ ಕೊರಳಿಗೆ ಕಟ್ಟೀರಿ, ಬೀಗತೆವ್ವ!”

ತೌಡವ್ವನ ತಾಯಿ ಶೇವಂತೆವ್ವ ತುಟಿ ಬಿಚ್ಚಲಿಲ್ಲ. ಆ ಮೌನವೇ ಮಗಳಲ್ಲಿ ಇಪ್ಪತ್ತಾರು ವರ್ಷಗಳಿಂದ ಕುದಿಯುತ್ತಿದ್ದುದನ್ನು ಹೊರಚೆಲ್ಲಿತು.

“ಈಗಾದ್ರೂ ಮಾತಾಡವ್ವಾ! ಸಾಲ್ಯಾಗ ಹುಡುಗ್ರು ನನ್ನ ನೋಡಿ ಎಮ್ಮಿ ಹಂಗ ಕೂಗ್ತಿದ್ರು. ಅಳಕೋತ ಬಂದ್ರ ಒಮ್ಮೆ ಎದಿಗೆ ಅವಚಿಕೊಂಡಿಯೇನು? ಮಗಳ ಅಂತ ಒಂದ್ ದಿನ ಕರದಿಯೇನು? ಬ್ಯಾಡಾಗಿದ್ರ ಹುಟ್ಟಿದಾಗ ಕೊಂದು ಬಿಡಬೇಕಾಗಿತ್ತು...! ತಾ ಇಲ್ಲಿ, ಸಹಿ ಮಾಡ್ತೇನಿ!”

ಆಕೆ ಗಂಡನ ಕೈಯಿಂದ ಕಾಗದ ಕಿತ್ತುಕೊಂಡಳು. ಆಗ ಗೋಡೆಗೊರಗಿ ಕುಳಿತಿದ್ದ ಪಕ್ಕದ ಮನೆಯ ಮುದುಕಿ ಜನ್ನತಬಿ ಎದ್ದು ಬಂದಳು.

“ತೌಡು ಕೊಟ್ಟು ನಿನ್ನ ಕೊಂಡಾಕಿ ನಾನವಾ. ನನ್ನ ಕೇಳು. ನಿನಗಿಂತ ಮುಂಚೆ ಇಬ್ರು ಹುಟ್ಟಿದ್ರು. ತಿಂಗಳು ತುಂಬೋದ್ರಾಗ ಇಬ್ರೂ ಹೋದ್ರು. ಅವರನ್ನ ನಿಮ್ಮವ್ವ ಮುತ್ತಿಟ್ಟು ಮುತ್ತಿಟ್ಟು ಸಾಕಿದ್ಳು. ನೀ ಹುಟ್ಟಿದ ಮುಂಜಾನಿ, ಹಸಿ ಬಾಣಂತಿ, ನಡಕೋತ ಬಂದು ನಿನ್ನ ತಿಪ್ಪಿ ಮ್ಯಾಲ ಮಲಗಿಸಿದ್ಳು. ನಾ ಆಕಿ ಉಡಿಯಾಗ ನಾಕ್ ಹಿಡಿ ತೌಡು ಹಾಕಿ ನಿನ್ನ ಎತ್ತಿಕೊಂಡೆ. ಕೂಸು ಶೇವಂತೆವ್ವಂದಲ್ಲ, ಮಾರಿದ್ದು, ಕವಡಿ ಕಿಮ್ಮತ್ತಿಲ್ಲದ್ದು ಅಂತ ಸಾವು ತಿಳೀಲಿ, ಹೊಳ್ಳಿ ಹೋಗ್ಲಿ ಅಂತ! ನಂದು ಅಂದ್ರ ನೀನೂ ಹೋಗ್ತಿ ಅನ್ನೋ ಅಂಜಿಕಿ ಆಕಿಗೆ. ನೀ ಮಲಗಿದ ಮ್ಯಾಲೆ ನಿನ್ನ ಪಾದ ಹಿಡಕೊಂಡು ಅತ್ತಿದ್ದು ನಾ ನೋಡೇನಿ...”

ತೌಡವ್ವ ತಾಯಿಯ ಮುಂದೆ ಮಂಡಿಯೂರಿದಳು.

“ಅವ್ವಾ... ಒಮ್ಮೆ ಅನ್ನು. ಮಗಳ ಅನ್ನು!”

ಶೇವಂತೆವ್ವ ಗಾಬರಿಯಿಂದ ಸುತ್ತ ನೋಡಿದಳು. ಕೈಯಿಂದ ಮಗಳ ಬಾಯಿ ಮುಚ್ಚಿದಳು. ಕೆನ್ನೆಯ ಮೇಲೆ ಕಣ್ಣೀರು ಧಾರೆಯಾಗಿತ್ತು.

“ಇಲ್ಲ... ನೀ ಜನ್ನತಬಿ ಮಗಳವಾ. ಜನ್ನತಬಿ ಮಗಳು!”

ಯಾರೋ ಬಿಕ್ಕಿದರು. ಗುಂಡವ್ವ ಮಾತ್ರ ಸೆರಗು ಕೊಡವಿದಳು.

“ಈ ನಾಟಕ ಸಾಕು. ಸಹಿ ಆಗಲಿಲ್ಲಂದ್ರ ನನ್ನ ಹೊಸ್ತಿಲ ತುಳೀಬ್ಯಾಡ.”

“ಹೆಸರು ಅದ ಇರ್ತೈತ್ರಿ ಅತ್ತಿ,” ಎಂದು ತೌಡವ್ವ ಕಾಗದವನ್ನು ಕಾಂತುವಿಗೆ ಹಿಂತಿರುಗಿಸಿದಳು. “ಕರಕೊಂಡು ಹೋಗೋದು, ಬಿಡೋದು ನಿಮಗ ಬಿಟ್ಟದ್ದು.”

ಗುಂಡವ್ವ ಊಟಕ್ಕೂ ನಿಲ್ಲದೆ ಹೊರಟಳು. ಕಾಂತು ಒಮ್ಮೆ ಹಿಂತಿರುಗಿ ನೋಡಿ ತಾಯಿಯ ಹಿಂದೆ ನಡೆದ.

ಮೂರು ತಿಂಗಳಾದ ಮೇಲೆ ಅವನು ಒಬ್ಬನೇ ಬಂದ. ಜನನ ದಾಖಲೆಯನ್ನು ಹೆಂಡತಿಯ ಕೈಗಿತ್ತ. ತಾಯಿಯ ಹೆಸರು ತೌಡವ್ವ ಎಂದೇ ಇತ್ತು. “ತಡಾ ಮಾಡಿದೆ, ತಪ್ಪಾತು,” ಎಂದಷ್ಟೇ ಹೇಳಿ ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಹೊರಟ.

ಸಿಂದಗಿಯ ಮನೆಯ ಬಾಗಿಲಲ್ಲಿ ಗುಂಡವ್ವ ಮೊಮ್ಮಗನನ್ನು ಎತ್ತಿಕೊಂಡು ಒಳಗೆ ಹೋದಳು. ಸೊಸೆಯತ್ತ ಕಣ್ಣೆತ್ತಿಯೂ ನೋಡಲಿಲ್ಲ. ಅಂದಿನಿಂದ ಇಂದಿನವರೆಗೆ ಒಂದು ಮಾತೂ ಆಡಿಲ್ಲ. ಅಂದು ತೌಡವ್ವ ತನ್ನ ಚೀಲ ತಾನೇ ಎತ್ತಿಕೊಂಡು ಹೊಸ್ತಿಲು ದಾಟಿದ್ದಳು.